ಸಾಯಲೊಲ್ಲದ ಅರಸ

ಮೊಂತಾರ್ಸೊ ಊರಿನ ಅರಸ ವರ್ಷಕ್ಕೊಮ್ಮೆ, ಆಗಸ್ಟಿನ ಎರಡನೆಯ ಭಾನುವಾರ, ಸಂಜೆ ನಾಲ್ಕೂವರೆಗೆ ಸಾಯುತ್ತಾನೆ. ನಾಲ್ಕೂವರೆ ಎಂದರೆ ನಾಲ್ಕೂವರೆಯೇ. ಐದಕ್ಕೆ ಹಸುಗಳ ಹಾಲು ಕರೆಯಬೇಕು, ಆ ಹೊತ್ತಿಗೆ ಜನ ಒಬ್ಬೊಬ್ಬರಾಗಿ ಎದ್ದು ಹೊರಡುತ್ತಾರೆ. ಅರಸನಾದರೇನು, ಕೆಚ್ಚಲು ಬಿಗಿದ ಹಸು ಅವನಿಗಾಗಿ ಕಾಯುವುದಿಲ್ಲ.

ಆ ಅರಸನ ಬೆನ್ನ ಹಿಂದೆ ನಡೆಯುವವನು ನಾನು. ನನ್ನ ಹೆಸರು ಸೆತ್ತಿಮಿಯೊ. ಉಳಿದ ದಿನಗಳಲ್ಲಿ ಚರ್ಚಿನ ಗಂಟೆ ಬಾರಿಸುತ್ತೇನೆ, ಮೇಣದಬತ್ತಿ ಹಚ್ಚುತ್ತೇನೆ. ನಮ್ಮೂರಿನ ಹಾಡುನಾಟಕವಾದ ಮಾಜ್ಜೊ ಆಟದ ದಿನ ಮಾತ್ರ ಪುಸ್ತಕ ಹಿಡಿಯುತ್ತೇನೆ. ನಮ್ಮ ಮಾಜ್ಜೊದಲ್ಲಿ ಪದ ಎತ್ತಿಕೊಡುವವನು ಪರದೆಯ ಹಿಂದೆ ಅಡಗುವುದಿಲ್ಲ. ಮಖಮಲ್ಲಿನ ನಿಲುವಂಗಿ, ಗರಿ ಸಿಕ್ಕಿಸಿದ ಶಿರಸ್ತ್ರಾಣ ತೊಟ್ಟ ದೊರೆಗಳ ನಡುವೆ ಮನೆಯ ಅಂಗಿಯಲ್ಲೇ ಓಡಾಡುತ್ತಾ, ಹಾಡುವವನ ಕಿವಿಗೆ ಮುಂದಿನ ಸಾಲು ಉಸುರುತ್ತಾನೆ. ಜನರ ಕಣ್ಣಿಗೆ ನಾನು ಬೀಳುತ್ತೇನೆ, ಆದರೆ ಯಾರೂ ನನ್ನನ್ನು ನೋಡುವುದಿಲ್ಲ. ನಲವತ್ತೈದು ವರ್ಷಗಳಿಂದ ಆಟದ ನಡುವೆ ನಾನು ಹೀಗೆ ಇದ್ದೂ ಇಲ್ಲದವನು. ನನಗೆ ಅದೇ ಇಷ್ಟ. ಪದ ಕೇಳುವುದಕ್ಕೆ ಅರಸನ ಬೆನ್ನಿಗಿಂತ ಹತ್ತಿರದ ಜಾಗ ಇನ್ನೊಂದಿಲ್ಲ.

ಕಟ್ಟಳೆ ಕಾಯುವವನೂ ನಾನೇ. ಕಟ್ಟಳೆ ಹೆಚ್ಚೇನಿಲ್ಲ. ಆಟ ಒಮ್ಮೆ ಶುರುವಾದರೆ ನಿಲ್ಲಬಾರದು. ಸತ್ತವನು ಎದ್ದು ಮೇಜಿನ ಹತ್ತಿರ ಹೋಗಿ ಒಂದು ಲೋಟ ವೈನ್ ಕುಡಿಯಬಹುದು, ಆದರೆ ಎಲ್ಲರೂ ಸೇರಿ ಹಾಡುವ ಕಡೆಯ ಪದದವರೆಗೆ ಬಾಯಿ ತೆರೆಯುವಂತಿಲ್ಲ.

ಆ ವರ್ಷ ಅರಸ ಫ್ಲೊರಿಯಾನೊನ ಪಾತ್ರ ಎಂದಿನಂತೆ ಓಲಿಂತೊನದು. ವಯಸ್ಸು ಎಪ್ಪತ್ತಾರು. ಅವನಿಗಿಂತ ಮೊದಲು ಅವನ ಅಪ್ಪ ಅರಸ. ಮಂಡಿ ಸವೆದು ಹೋಗಿದ್ದರಿಂದ ಇದೇ ಕಡೆಯ ಸಲ ಎಂದು ಓಲಿಂತೊ ಹೇಳಿಯಾಗಿತ್ತು. ಮುಂದಿನ ವರ್ಷದಿಂದ ಕಿರೀಟ ನೇವಿಯೊಗೆ. ಚೀಸ್ ಮಾಡುವ ಈ ನೇವಿಯೊ ಐದು ವರ್ಷಗಳಿಂದ ವೈರಿ ದೊರೆಯಾಗಿ ಓಲಿಂತೊನನ್ನು ತಪ್ಪದೆ ಕೊಲ್ಲುತ್ತಾ ಬಂದಿದ್ದ.

ಆಟಕ್ಕೆ ಮೂರು ದಿನ ಮುಂಚೆ ಓಲಿಂತೊ ಒಂದು ಕಾಗದ ಹಿಡಿದುಕೊಂಡು ಗಂಟೆಗೋಪುರದ ಮೆಟ್ಟಿಲಿಗೆ ಬಂದ. ಏದುಸಿರು ಬಿಡುತ್ತಿದ್ದ.

"ಸೆತ್ತಿಮಿಯೊ, ಅಕ್ಕ ಬರ್ತಾಳಂತೆ."

"ಯಾವ ಅಕ್ಕ?"

"ನಂಗೆ ಎಷ್ಟು ಜನ ಅಕ್ಕಂದಿರಿದಾರೆ ಮಾರಾಯ? ಔಸಿಲಿಯಾ!"

ನಾನು ಶಿಲುಬೆಯ ಗುರುತು ಹಾಕಿಕೊಂಡೆ. ಔಸಿಲಿಯಾ ಹತ್ತೊಂಬತ್ತನೆಯ ವಯಸ್ಸಿಗೆ ಕಣಿವೆಯ ಮಠ ಸೇರಿದವಳು. ಹೊರಗೆ ಕಾಲಿಡದ ಸನ್ಯಾಸಿನಿಯರ ಮಠ ಅದು. ಅರವತ್ತಮೂರು ವರ್ಷಗಳಿಂದ ಊರಿನ ಅಗಸೆ ಬಾಗಿಲನ್ನು ಅವಳು ದಾಟಿರಲಿಲ್ಲ. ಈಗ ಅಲ್ಲಿ ಉಳಿದಿರುವುದು ನಾಲ್ಕೇ ಜನ. ಆ ನಾಲ್ವರನ್ನೂ ಸಮುದ್ರದ ದಂಡೆಯ ದೊಡ್ಡ ಮಠಕ್ಕೆ ಕರೆದೊಯ್ಯುತ್ತಾರಂತೆ. ದಾರಿಯಲ್ಲಿ, ಭಾನುವಾರ ಮೂರೂವರೆಯಿಂದ ಐದರವರೆಗೆ, ಹುಟ್ಟಿದ ಊರು ನೋಡಿ ಬರಲು ಮಠದ ತಾಯಿ ಅಪ್ಪಣೆ ಕೊಟ್ಟಿದ್ದಾರೆ.

"ಒಂದೂವರೆ ಗಂಟೆ," ಎಂದ ಓಲಿಂತೊ. "ನಾನು ಸಾಯೋದು ನಾಲ್ಕೂವರೆಗೆ. ನೋಡ್ತಾಳೆ. ಕೇಳ್ತಾಳೆ."

ಅವನಿಗೆ ಬೇಕಾಗಿದ್ದು ಇಷ್ಟೇ. ಅವರ ಅಪ್ಪ ಅರಸನಾಗಿದ್ದ ಕಾಲದಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಔಸಿಲಿಯಾ ಹುಲ್ಲಟ್ಟದ ಮೇಲೆ ಕೂತು ಅಪ್ಪನ ಅಭ್ಯಾಸ ಕೇಳಿ ಕೇಳಿ ಇಡೀ ಆಟವನ್ನು, ಎಲ್ಲ ಪಾತ್ರಗಳ ಪದಗಳ ಸಮೇತ, ಬಾಯಿಪಾಠ ಮಾಡಿಕೊಂಡಿದ್ದಳು. ಮೇಕೆ ಮೇಯಿಸುವಾಗ ತಮ್ಮನಿಗೆ ರಾಗ ಹೇಳಿಕೊಟ್ಟವಳು ಅವಳೇ. ಅಪ್ಪ ತೀರಿಕೊಂಡ ಮೇಲೆ ಕಿರೀಟ ಇಟ್ಟುಕೊಂಡ ಓಲಿಂತೊನಿಗೆ, ಅಪ್ಪನ ಹಾಗೆ ಹಾಡುತ್ತಿದ್ದೇನೋ ಇಲ್ಲವೋ ಎಂದು ಮುಲಾಜಿಲ್ಲದೆ ಹೇಳಬಲ್ಲ ಕಿವಿ ಲೋಕದಲ್ಲಿ ಒಂದೇ ಉಳಿದಿತ್ತು. ಅದು ಕಬ್ಬಿಣದ ಜಾಲರಿಯ ಆಚೆ ಇತ್ತು.

"ಅಲ್ವೋ, ವರ್ಷಕ್ಕೆರಡು ಸಲ ಅವಳನ್ನ ನೋಡೋಕೆ ಹೋಗ್ತಿದ್ದೆಯಲ್ಲ, ಅಲ್ಲೇ ಹಾಡಬಹುದಿತ್ತಲ್ಲ?" ಎಂದು ನಾನೊಮ್ಮೆ ಕೇಳಿದ್ದೆ.

"ಹಾಡಿದೆ. ಎರಡು ಸಾಲಿಗೇ ಬಾಗಿಲ ಸಿಸ್ಟರ್ ಗಂಟೆ ಬಾರಿಸಿಬಿಟ್ರು. ಅದೂ ಅಲ್ದೆ ಸೆತ್ತಿಮಿಯೊ, ಕತ್ತಿ ಇಲ್ಲ, ಪಿಟೀಲಿಲ್ಲ, ಹುಲ್ಲಿಲ್ಲ. ಕುರ್ಚಿ ಮೇಲೆ ಕೂತ್ಕೊಂಡು ಸಾಯೋಕಾಗುತ್ತಾ?"

ಭಾನುವಾರ ಬಂತು. ಊರ ಮೇಲಿನ ಚೆಸ್ಟ್‌ನಟ್ ತೋಪಿನ ನಡುವಿನ ಬಯಲಲ್ಲಿ ಎರಡು ಗಂಟೆಗೇ ಜನ ಸೇರಿದರು. ಊರಲ್ಲಿ ಒಂದು ಬೆಕ್ಕೂ ಉಳಿಯಲಿಲ್ಲ. ಪಿಟೀಲಿನ ದೊರೀನಾ ತನ್ನ ಮನೆಯ ಒಳ್ಳೆಯ ಕುರ್ಚಿ ತಂದು, ಕೆಂಪು ದಿಂಬು ಹಾಕಿ, ಮುಂದಿನ ಸಾಲಿನಲ್ಲಿ ಇಟ್ಟಳು. "ಅಕ್ಕನ ಜಾಗ. ಯಾರಾದ್ರೂ ಕೂತ್ರೆ ಈ ಕಮಾನಿನಲ್ಲೇ ಬಾರಿಸ್ತೀನಿ," ಎಂದಳು.

ಮೂರೂವರೆ ಆಯಿತು. ದಿಂಬು ಖಾಲಿ. ನಾಲ್ಕಾಯಿತು. ಓಲಿಂತೊ ಯುದ್ಧ ಸಾರುವ ಪದವನ್ನು ದಾರಿಯ ಕಡೆ ಕುತ್ತಿಗೆ ತಿರುಗಿಸಿಕೊಂಡೇ ಹಾಡಿದ. ನಾಲ್ಕು ಇಪ್ಪತ್ತಕ್ಕೆ ಕತ್ತಿಗಳು ತಾಕಿದವು. ದಿಂಬಿನ ಮೇಲೆ ಒಂದು ಮಿಡತೆ ಕೂತಿತ್ತು, ಅಷ್ಟೇ.

ನೇವಿಯೊ ಪದ್ಧತಿಯಂತೆ ಮೂರು ಸುತ್ತು ಸುತ್ತಿ ಕಡೆಯ ಏಟಿಗೆ ಕತ್ತಿ ಎತ್ತಿದ. ಈಗ ಅರಸ ಎದೆಯೊಡ್ಡಬೇಕು. ಓಲಿಂತೊ ಒಡ್ಡಲಿಲ್ಲ. ಕತ್ತಿಯನ್ನು ಪಕ್ಕಕ್ಕೆ ಸರಿಸಿ ದೊರೀನಾಳ ಕಡೆ ನೋಡಿ ತಲೆಯಾಡಿಸಿದ. ಅವಳು ಗಾಬರಿಯಲ್ಲೇ ಕಮಾನು ಎಳೆದಳು.

*ನಿಲ್ಲು ವೈರಿಯೆ, ಕತ್ತಿ ಕೆಳಗಿಡು,*
*ಮೆಲ್ಲ ಬೀಸಿದೆ ಗಾಳಿ ಬೆಟ್ಟದಿ,*
*ಎಲ್ಲ ಬೆಟ್ಟಕು ಹೆಸರ ಹೇಳುವೆ,*
*ಕೊಲ್ಲು ನಂತರ, ಏನು ಅವಸರ?*

ನಾನು ಪುಸ್ತಕ ನೋಡಿದೆ. ಹಾಳೆ ಹಿಂದೆ ಮುಂದೆ ತಿರುವಿದೆ. ಇಂಥ ಪದ ಎಲ್ಲೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಓಲಿಂತೊ ನಿಂತ ಕಾಲಲ್ಲೇ ಕಟ್ಟುತ್ತಿದ್ದ.

ಬೆಟ್ಟಗಳ ಹೆಸರು ಹೇಳಲು ಮೂರು ಪದ ಹಿಡಿಯಿತು. ಆಮೇಲೆ ಬುಗ್ಗೆಗಳ ಹೆಸರಿಗೆ ಇಳಿದ. ಜನಕ್ಕೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಖಾಲಿ ದಿಂಬು ಎಲ್ಲರಿಗೂ ಕಾಣುತ್ತಿತ್ತು.

"ಬಿಡಬೇಡ ಫ್ಲೊರಿಯಾನೊ, ಬದುಕು!" ಎಂದು ಹಿಂದಿನಿಂದ ಒಂದು ದನಿ ಕೂಗಿತು.

"ನೇವಿಯೊ, ಕತ್ತಿ ಇಳಿಸೋ ಕಟುಕ!"

ನೇವಿಯೊ ಶಿರಸ್ತ್ರಾಣದೊಳಗೆ ಬೆವರುತ್ತಿದ್ದ. ಸುತ್ತುವ ನೆಪದಲ್ಲಿ ಹತ್ತಿರ ಬಂದು ಪಿಸುಗುಟ್ಟಿದ. "ಓಲಿಂತೊ ಮಾಮ, ಸಾಯ್ತೀರೋ ಇಲ್ವೋ? ನನ್ನ ಹನ್ನೆರಡು ಹಸು ಕಾಯ್ತಿವೆ."

"ನಿನ್ನ ಹಸು ಅರವತ್ಮೂರು ವರ್ಷದಿಂದ ಕಾಯ್ತಿದಾವಾ? ಸುತ್ತು, ಇನ್ನೊಂದು ಸುತ್ತು ಸುತ್ತು."

"ತಲೆ ತಿರುಗ್ತಿದೆ ಮಾಮ."

"ಆ ಕಡೆಯಿಂದ ಸುತ್ತು, ಸರಿಹೋಗುತ್ತೆ."

ನಾಲ್ಕೂ ಮೂವತ್ತೈದು. ಓಲಿಂತೊನ ಗಂಟಲು ಒಡೆಯತೊಡಗಿತು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದುದು ಹಿಂದಿನಿಂದ ನನಗೆ ಮಾತ್ರ ಕಾಣುತ್ತಿತ್ತು. ಎತ್ತಿಕೊಡೋಣವೆಂದರೆ ನನ್ನ ಪುಸ್ತಕದಲ್ಲಿ ಉಳಿದಿದ್ದು ಸಾವಿನ ಪದ ಒಂದೇ. ನಾನು ಬಾಯಿ ಮುಚ್ಚಿಕೊಂಡು ಮನಸ್ಸಿನಲ್ಲೇ ಮಾತೆ ಮರಿಯಳ ಜಪ ಮಾಡುತ್ತಾ ನಡೆದೆ.

ಬುಗ್ಗೆಗಳು ಮುಗಿದವು. ಈಗ ಅವನು ಊರೊಳಗೆ ಬಂದ. ಅಗಸೆ ಬಾಗಿಲು, ರೊಟ್ಟಿ ಸುಡುವ ಒಲೆ, ಬಟ್ಟೆ ಒಗೆಯುವ ತೊಟ್ಟಿ, ಚರ್ಚಿನ ಮುಂದಿನ ಚೌಕ, ಅಪ್ಪ ಅರಸನಾಗಿ ಬಿದ್ದ ಅದೇ ಚೌಕದ ಕಲ್ಲುಹಾಸು ಎಂದು ಹಾಡುತ್ತಾ ಇದ್ದವನು ಸಾಲಿನ ನಡುವೆ ನಿಂತುಬಿಟ್ಟ. ಬಾಯಿ ತೆರೆದೇ ಇತ್ತು. ತಿರುಗಿ ನನ್ನ ಮುಖ ನೋಡಿದ. ನನಗೂ ಅದೇ ಗಳಿಗೆಯಲ್ಲಿ ಹೊಳೆಯಿತು.

ಅವಳ ಕಾಲದಲ್ಲಿ ಮಾಜ್ಜೊ ಆಡುತ್ತಿದ್ದುದು ಚೌಕದಲ್ಲಿ. ತೋಪಿಗೆ ಬಂದು ಮೂವತ್ತು ವರ್ಷವಾಯಿತು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮಾಜ್ಜೊ ಎಂದರೆ ತೋಪು, ಅದನ್ನು ಹೇಳುವುದೇನಿದೆ ಎಂದು ಓಲಿಂತೊನಿಗೂ ಅನ್ನಿಸಿತ್ತು, ನನಗೂ ಅನ್ನಿಸಿತ್ತು. ಊರೆಲ್ಲ ಖಾಲಿ ಮಾಡಿ ಅವಳನ್ನು ಕಾಯುತ್ತಾ ನಾವಿಲ್ಲಿ ಕೂತಿದ್ದೆವು. ದಾರಿ ಕೇಳೋಣವೆಂದರೆ ಅವಳಿಗೆ ಅಲ್ಲಿ ಒಂದು ನರಪಿಳ್ಳೆಯೂ ಸಿಕ್ಕುವಂತಿರಲಿಲ್ಲ.

ಆಟ ನಿಲ್ಲಿಸುವಂತಿಲ್ಲ. ಓಲಿಂತೊ ನಿಲ್ಲಿಸಲಿಲ್ಲ. ಕತ್ತಿಯನ್ನು ನೇವಿಯೊನ ಎದೆಗೆ ಚಾಚಿ, ಉಳಿದ ದನಿಯನ್ನೆಲ್ಲ ಒಟ್ಟುಮಾಡಿ ಎತ್ತಿದ.

*ಓಡು ವೈರಿಯೆ, ಚರ್ಚಿನಂಗಳ*
*ನೋಡು, ಕಲ್ಲಿನ ಜಗಲಿ ಮೇಗಡೆ*
*ಹಾಡು ಕೇಳಲು ಕಾದು ಕೂತಿಹ*
*ಗೂಡ ಹಕ್ಕಿಯ ಕರೆದು ತಾರೋ!*

ನೇವಿಯೊ ನನ್ನ ಕಡೆ ನೋಡಿದ. ವೈರಿ ಓಡಿಹೋಗುವುದು ಕಟ್ಟಳೆಯಲ್ಲಿದೆಯೇ? ಇಲ್ಲ. ಓಡಬಾರದು ಎಂದಿದೆಯೇ? ಅದೂ ಇಲ್ಲ. ನಾನು ತಲೆಯಾಡಿಸಿದೆ. ಅವನು ಕತ್ತಿ ಬಿಸುಟು, ಕೆಂಪು ನಿಲುವಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಗರಿ ಅಲ್ಲಾಡಿಸುತ್ತಾ ತೋಪಿನ ಅಂಚಿಗೆ ಓಡಿದ. ಅಲ್ಲಿ ಅವನ ಹಾಲಿನ ಕ್ಯಾನುಗಳ ಮೂರು ಗಾಲಿಯ ಗಾಡಿ ನಿಂತಿತ್ತು. ಅದು ಕೆಮ್ಮಿ, ಹೊಗೆ ಕಕ್ಕಿ, ಕ್ಯಾನುಗಳನ್ನು ಗಲಗಲ ಅನ್ನಿಸುತ್ತಾ ಇಳಿಜಾರಿನಲ್ಲಿ ಮಾಯವಾಯಿತು.

"ಗೆದ್ದೆ ಫ್ಲೊರಿಯಾನೊ! ವೈರಿ ಓಡಿಹೋದ!" ಜನ ಟೋಪಿ ಹಾರಿಸಿದರು.

ವೈರಿಯಿಲ್ಲದ ಅರಸ ಏನು ಮಾಡಬೇಕು? ದೊರೀನಾ ತಾನಾಗಿಯೇ ಕುಣಿತದ ಗತ್ತು ಹಿಡಿದಳು. ಅರಸ ಮಂಡಿ ಮರೆತು ದಿಂಬಿನ ಕುರ್ಚಿಯ ಸುತ್ತ ಎರಡು ಸುತ್ತು ಕುಣಿದ. ಹೆಂಗಸರು ಎದ್ದು ಕುಣಿದರು. ಮಿಡತೆ ಹಾರಿಹೋಯಿತು.

ನಾಲ್ಕೂ ಐವತ್ತಕ್ಕೆ ಗಾಡಿ ಮರಳಿತು. ವೈರಿ ದೊರೆಯ ಪಕ್ಕದಲ್ಲಿ, ಒಬ್ಬರಿಗಷ್ಟೇ ಮಾಡಿದ ಸೀಟಿನ ಅಂಚಿನಲ್ಲಿ, ಕಂದು ಉಡುಪಿನ ಒಂದು ಪುಟ್ಟ ಮುದುಕಿ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನೇವಿಯೊನ ಶಿರಸ್ತ್ರಾಣ ಹಿಡಿದು ನೆಟ್ಟಗೆ ಕೂತಿದ್ದಳು. ಇಳಿದಾಗ ಎಲ್ಲರೂ ಎದ್ದು ನಿಂತರು.

"ಮಠದ ಗಾಡಿ ಅಗಸೆಯೊಳಗೆ ಹಿಡಿಸಲಿಲ್ಲ, ನಡ್ಕೊಂಡು ಬಂದೆ," ಎಂದಳು ಅವಳು, ಯಾರೋ ಕೇಳಿದರೆಂಬಂತೆ. "ಚೌಕದಲ್ಲಿ ಕೂತೆ. ಕೂತೇ ಇದ್ದೆ. ಪಿಟೀಲು ಆಕಾಶದಿಂದ ಕೇಳಿಸ್ತಿತ್ತು. ನಾನು ಸತ್ತೇಹೋದ್ನೇನೋ ಅಂದ್ಕೊಂಡೆ. ಅಷ್ಟರಲ್ಲಿ ಈ ಗರಿಯವನು ಬಂದ."

ದೊರೀನಾ ಕುರ್ಚಿ ತೋರಿಸಿದಳು. ಔಸಿಲಿಯಾ ದಿಂಬನ್ನು ಮಾತ್ರ ತೆಗೆದುಕೊಂಡು ಹುಲ್ಲಿನ ಮೇಲೆ ಹಾಕಿ ಕೂತಳು. "ನಡೀಲಿ."

ನೇವಿಯೊ ಕತ್ತಿ ಹೆಕ್ಕಿಕೊಂಡ. ಓಲಿಂತೊ ಅಕ್ಕನನ್ನು ನೋಡುತ್ತಾ ನಿಂತ. ಆಮೇಲೆ ಹಾಡತೊಡಗಿದ. ಸಾವಿನ ಪದವನ್ನಲ್ಲ. ಅಕ್ಕ ಬಂದಳು, ಹಕ್ಕಿ ಬಂತು, ಬೆಟ್ಟ ನಕ್ಕಿತು ಎಂದು ಸಂತೋಷದಲ್ಲಿ ಪದದ ಮೇಲೆ ಪದ ಕಟ್ಟತೊಡಗಿದ. ನಿಲ್ಲುವ ಲಕ್ಷಣವೇ ಇರಲಿಲ್ಲ. ಮೂರನೆಯ ಪದಕ್ಕೆ ಹುಲ್ಲಿನ ಮೇಲಿಂದ ಕೋಲು ಮೇಲೆದ್ದಿತು.

"ಓಲಿಂತೊ! ಇದ್ಯಾವುದೂ ಅಪ್ಪನ ಪದ ಅಲ್ಲ. ನಂಗಿರೋದು ಹತ್ತು ನಿಮಿಷ. ಬೇಗ ಸಾಯಿ!"

ತೋಪಿಗೆ ತೋಪೇ ನಕ್ಕಿತು. ಓಲಿಂತೊನೂ ನಕ್ಕ. ನಗುತ್ತಲೇ ಎದೆಯೊಡ್ಡಿದ. ನೇವಿಯೊ ಇಂಥ ಅವಕಾಶ ಇನ್ನೊಮ್ಮೆ ಸಿಕ್ಕದೆಂದು ತಟ್ಟನೆ ಕತ್ತಿ ತಾಗಿಸಿದ. ಇಬ್ಬರು ಸರದಾರರು ಅರಸನ ತೋಳು ಹಿಡಿದು ಮೆಲ್ಲಗೆ ಹುಲ್ಲಿಗಿಳಿಸಿದರು. ನಾನು ಬಾಗಿ ಮೊದಲ ಸಾಲು ಉಸುರಿದೆ. ಅವನಿಗೆ ಅದು ಬೇಕಿರಲಿಲ್ಲ.

*ಇರಿದ ಕೈಗೂ ಹಗೆಯು ಇಲ್ಲವು,*
*ಸುರಿದ ನೆತ್ತರ ನೆಲವು ಕುಡಿಯಲಿ,*
*ತೆರೆದ ಬಾಗಿಲು ಮೇಲೆ ಕಂಡಿದೆ,*
*ಬರುವೆ ತಾಯೇ, ದೀಪ ಹಿಡಿದಿರು.*

ಒಡೆದ ಗಂಟಲಿನಲ್ಲಿ ಆ ಪದ ಹಿಂದೆಂದೂ ಬಾರದ ಹಾಗೆ ಬಂತು. ನಲವತ್ತೈದು ಸಲ ಕೇಳಿದ್ದೇನೆ. ಕಣ್ಣು ಒದ್ದೆಯಾಗಿ ಪುಸ್ತಕದ ಅಕ್ಷರ ಕಾಣದಾಯಿತು. ಅರಸನ ತಲೆ ವಾಲಿತು. ಮುಗಿಯಿತು.

"ಕುದುರೆ ಎಲ್ಲಿ?" ಎಂದಳು ಔಸಿಲಿಯಾ.

ಯಾರಿಗೂ ಅರ್ಥವಾಗಲಿಲ್ಲ.

"ಕುದುರೆ ಪದ ಎಲ್ಲಿ? ಕತ್ತಿ ತಾಗಿದ ಮೇಲೆ ಮೊದಲು ಕುದುರೆಗೆ ವಿದಾಯ ಹೇಳ್ತಾನೆ. ಆಮೇಲೆ ಕ್ಷಮೆ. ಅಪ್ಪ ಅದರಲ್ಲೇ ಅಲ್ವಾ ಎಲ್ಲರನ್ನೂ ಅಳಿಸ್ತಿದ್ದಿದ್ದು?"

ಸತ್ತ ಅರಸ ಒಂದು ಕಣ್ಣು ತೆರೆದ. "ಪುಸ್ತಕದಲ್ಲಿಲ್ಲ ಅಕ್ಕ."

"ಯಾವ ಪುಸ್ತಕ?"

ಎಲ್ಲರೂ ನನ್ನನ್ನು ನೋಡಿದರು. ನಲವತ್ತೈದು ವರ್ಷಗಳಲ್ಲಿ ಮೊದಲ ಸಲ ನಾನು ಆಟದ ನಡುವೆ ಎಲ್ಲರಿಗೂ ಕಂಡೆ. ಓಲಿಂತೊನ ಅಪ್ಪ ತೀರಿಕೊಂಡ ಚಳಿಗಾಲದಲ್ಲಿ, ಗೆದ್ದಲು ಹಿಡಿಯುತ್ತಿದ್ದ ಹಳೆಯ ಪುಸ್ತಕವನ್ನು ಹೊಸದಾಗಿ ಬರೆದುಕೊಂಡವನು ನಾನೇ. ಆಗ ನನಗೆ ಇಪ್ಪತ್ತಾರು. ಅದಕ್ಕೆ ಮುಂಚೆ ಹದಿನೈದು ವರ್ಷ ಊರಲ್ಲಿ ಆಟವೇ ನಿಂತುಹೋಗಿದ್ದರಿಂದ ಓಲಿಂತೊನಿಗೂ ನನಗೂ ಆ ಪುಸ್ತಕವೇ ದಿಕ್ಕಾಗಿತ್ತು. ಎಲ್ಲಿ ಕಣ್ಣು ಜಾರಿತೋ, ಯಾವ ಹಾಳೆಯ ಅಂಚಿನಲ್ಲಿ ನಾಲ್ಕು ಸಾಲು ಹಾರಿಹೋದವೋ, ದೇವರಿಗೇ ಗೊತ್ತು.

"ಹಾಗಾದ್ರೆ ಹಳಬರು ಯಾರೂ ಕೇಳಲಿಲ್ವಾ?" ಎಂದು ನೇವಿಯೊ ಕೇಳಿದ.

ತೊಂಬತ್ತು ದಾಟಿದ ಬೀಸುವ ಕಲ್ಲಿನ ಮನೆಯ ಅಜ್ಜ ಹಿಂದಿನಿಂದ ಹೇಳಿದ. "ನಮಗೆ ಗೊತ್ತಿತ್ತಪ್ಪ. ಅಪ್ಪನನ್ನ ನೆನೆಸಿಕೊಂಡು ಹುಡುಗನಿಗೆ ಹಾಡೋಕಾಗಲ್ಲ, ಪಾಪ, ಅಂದ್ಕೊಂಡ್ವಿ. ಅದನ್ನ ಹೋಗಿ ಕೇಳೋದು ಚೆನ್ನಾಗಿರುತ್ತಾ?"

ನನ್ನ ತಪ್ಪನ್ನು ಊರು ನಲವತ್ತೈದು ವರ್ಷ ಒಬ್ಬ ಮಗನ ದುಃಖವೆಂದು ಗೌರವಿಸಿತ್ತು. ನಾನು ತಲೆ ತಗ್ಗಿಸಿ ಪುಸ್ತಕವನ್ನು ಔಸಿಲಿಯಾಳ ಕೈಗೆ ಕೊಡಲು ಹೋದೆ. ಅವಳು ತೆಗೆದುಕೊಳ್ಳಲಿಲ್ಲ.

"ಇಟ್ಕೋ ಮಗಾ, ನಂಗೆ ಬೇಡ. ಪದ ಅವನು ಹಾಡಬಹುದಾ, ಅದನ್ನ ಹೇಳು."

"ಸತ್ತವನು ಹಾಡುವಂತಿಲ್ಲ ಸಿಸ್ಟರ್. ಕಟ್ಟಳೆ," ಎಂದ ಸರದಾರರಲ್ಲಿ ಒಬ್ಬ.

ಎಲ್ಲ ಕಣ್ಣೂ ಮತ್ತೆ ನನ್ನ ಮೇಲೆ. ಊರ ಕಡೆಯಿಂದ ಹಸುಗಳು ಕೂಗತೊಡಗಿದ್ದವು. ಐದಕ್ಕೆ ಎರಡು ನಿಮಿಷವಿತ್ತು. ಐದರ ಗಂಟೆ ಬಾರಿಸಬೇಕಾದವನು ನಾನೇ ಎಂದು ಆಗ ನೆನಪಾಯಿತು. ನಾನು ಬಾರಿಸದಿದ್ದರೆ ಮೊಂತಾರ್ಸೊದಲ್ಲಿ ಐದು ಆಗುವುದಿಲ್ಲ.

"ಪದ ಬಿಟ್ಟು ಸತ್ತಿದ್ದಾನೆ," ಎಂದೆ. "ಅದು ಸಾವಲ್ಲ, ಬರೀ ಮೂರ್ಛೆ. ಏಳಲಿ."

ಓಲಿಂತೊ ಎದ್ದ ಹಾಗೆ ಎಳೆಯರೂ ಎದ್ದಾರೆಯೇ! ನೇವಿಯೊ ಕತ್ತಿ ಹಿಡಿದು ಕೇಳಿದ. "ಇನ್ನೊಂದ್ಸಲ ಚುಚ್ಚಬೇಕಾ?"

"ಬೇಡ, ಮೊದಲಿನದೇ ಇನ್ನೂ ನೋಯ್ತಿದೆ," ಎಂದ ಅರಸ.

ಔಸಿಲಿಯಾ ಕೋಲೂರಿ ಎದ್ದು, ನಾನು ನಡೆಯುವ ಜಾಗಕ್ಕೆ, ಅರಸನ ಬೆನ್ನ ಹಿಂದಕ್ಕೆ ಬಂದಳು. ಹುಲ್ಲಟ್ಟದ ಮೇಲೆ ಕೂತು ಕೇಳಿದ ಹುಡುಗಿ ಎಂದೂ ನಿಲ್ಲಲಾಗದ ಜಾಗ ಅದು. ನಾನು ಸರಿದು ನಿಂತೆ. ಅವಳು ಒಂದೊಂದೇ ಸಾಲು ಉಸುರಿದಳು. ಒಂದೊಂದೇ ಸಾಲನ್ನು ಅವನು ಎತ್ತಿದ.

*ಹಸಿರು ಮೇಯಲು ಹೋಗು ಗೆಳೆಯಾ,*
*ಹೆಸರ ಕೂಗುವ ದನಿಯು ನಿಂತಿತು,*
*ಉಸಿರು ಇರುವಾ ತನಕ ಹೊತ್ತೆಯೊ,*
*ಕುಸಿದ ಮೇಲೀ ಭಾರ ಮಣ್ಣಿಗೆ.*

ಬೀಸುವ ಕಲ್ಲಿನ ಮನೆಯ ಅಜ್ಜ ಟೋಪಿ ತೆಗೆದು ಮುಖ ಮುಚ್ಚಿಕೊಂಡ. ಅರಸ ಕ್ಷಮೆಯ ಪದವನ್ನು ಮತ್ತೊಮ್ಮೆ ಹಾಡಿ, ಈ ಸಲ ಯಾರ ಕೈಯನ್ನೂ ಹಿಡಿಯದೆ ತಾನೇ ಹುಲ್ಲಿಗೊರಗಿ, ಪೂರ್ತಿಯಾಗಿ ಸತ್ತ.

ಔಸಿಲಿಯಾ ಅವನ ಪಕ್ಕದಲ್ಲಿ ಬಾಗಿದಳು. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ. "ಅಪ್ಪನ ಹಾಗಿತ್ತಾ?"

ಅವಳು ಅವನ ತಲೆಯಿಂದ ಜಾರಿದ ಕಿರೀಟವನ್ನು ಸರಿಯಾಗಿ ಕೂರಿಸಿದಳು.

"ಅಪ್ಪ ಎರಡನೇ ಸಾಲಲ್ಲಿ ಉಸಿರು ತಗೊಳ್ತಿದ್ದ. ನೀನು ತಗೊಳ್ಳಲಿಲ್ಲ. ನಿಂದೇ ಚೆನ್ನಾಗಿದೆ."

ಕೆಳಗೆ ಅಗಸೆಯಿಂದ ಮಠದ ಗಾಡಿ ಹಾರ್ನ್ ಹೊಡೆಯಿತು. ಒಮ್ಮೆ ಮೆಲ್ಲಗೆ, ಆಮೇಲೆ ಉದ್ದಕ್ಕೆ. ಔಸಿಲಿಯಾ ಮೇಜಿನ ಕಡೆ ನೋಡಿ, "ಸತ್ತವರಿಗೆ ಕೊಡೋ ವೈನ್ ಎತ್ತಿಕೊಟ್ಟವರಿಗೂ ಉಂಟಾ?" ಎಂದಳು. ದೊರೀನಾ ಲೋಟ ತುಂಬಿಸಿ ತಂದಳು. ಮುದುಕಿ ನಿಂತೇ ಖಾಲಿ ಮಾಡಿ, ತುಟಿ ಒರೆಸಿಕೊಂಡು ನೇವಿಯೊನ ಗಾಡಿ ಏರಿದಳು.

ಕಡೆಯ ಪದ ಇನ್ನೂ ಬಾಕಿಯಿತ್ತು. ಆಟ ನಿಲ್ಲಬಾರದು, ಆದರೆ ಒಂದೇ ಕಡೆ ನಿಂತು ಹಾಡಬೇಕೆಂದು ಎಲ್ಲೂ ಇಲ್ಲ. ಗಾಡಿ ಮುಂದೆ ಹೊರಟಿತು. ಹಿಂದೆ ದೊರೀನಾಳ ಪಿಟೀಲು, ಅದರ ಹಿಂದೆ ಸತ್ತವರು, ಬದುಕಿದ್ದವರು, ಕುರ್ಚಿ ಹೊತ್ತವರು, ಎಲ್ಲರೂ ಹಾಡುತ್ತಾ ತೋಪಿನಿಂದ ಇಳಿದು, ಖಾಲಿ ಬೀದಿಗಳನ್ನು ತುಂಬಿ, ಚೌಕ ದಾಟಿ ಅಗಸೆಗೆ ಬಂದೆವು. ಮಠದ ಗಾಡಿಯ ಕಿಟಕಿಯಲ್ಲಿ ಮೂರು ಮುದುಕಿಯರು ಜಪಸರ ಹಿಡಿದು ಬೆರಗಾಗಿ ನೋಡುತ್ತಿದ್ದರು. ನಾಲ್ಕನೆಯವಳು ಹತ್ತಿ ಕೂತಳು.

ಗಾಡಿ ಚಲಿಸಿದಾಗ ಓಲಿಂತೊ ಅದನ್ನೇ ನೋಡುತ್ತಾ ಸಾಲು ಮರೆತ. ಬಂದವರಿಗೆಲ್ಲ ದಾರಿಯುದ್ದಕ್ಕೂ ನೆರಳು ಸಿಗಲಿ ಎಂಬ ಸಾಲು ಬರಬೇಕು. ಅವನಿಗೆ ಹೊಳೆಯಲಿಲ್ಲ. ನಾನು ಎತ್ತಿಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಕಿಟಕಿಯಿಂದ ಬಿಳಿಯ ತಲೆಬಟ್ಟೆಯೊಂದು ಹೊರಬಂದು ಸಾಲನ್ನು ಗಟ್ಟಿಯಾಗಿ, ಊರಿಗೆಲ್ಲ ಕೇಳುವ ಹಾಗೆ ಎತ್ತಿತು. ಓಲಿಂತೊ ಹಿಡಿದ. ಊರೆಲ್ಲ ಹಿಡಿಯಿತು. ಗಾಡಿ ಮೊದಲ ತಿರುವು ದಾಟಿತು, ಎರಡನೆಯದನ್ನೂ ದಾಟಿತು. ಸಾಲು ಮಾತ್ರ ಕೆಳಗಿನಿಂದ ಬರುತ್ತಲೇ ಇತ್ತು.

ಆಮೇಲೆ ನಾನು ಗೋಪುರ ಹತ್ತಿ ಐದು ಗಂಟೆ ಬಾರಿಸಿದೆ. ಆ ದಿನ ಮೊಂತಾರ್ಸೊದ ಹಸುಗಳು ಆರೂವರೆಗೆ ಹಾಲು ಕೊಟ್ಟವು.